ಕಡೆಯ ಕಾಳು ಬೀಳುವ ಮನೆ

ಕಂಪ್ಯೂಟರಿನ ಸಿ ಭಾಷೆಗಿಂತ ಮೊದಲು ನಾನು ಕಲಿತದ್ದು ಅದನ್ನು ಕಲಿಸುತ್ತಿದ್ದ ಸರ್ ಅವರ ಕೆಮ್ಮನ್ನು. ಅವರದು ಎರಡು ಕಂತಿನ ಕೆಮ್ಮು. ಮೊದಲು ಗಂಟಲಲ್ಲೇ ಒಂದು ಸಣ್ಣದು, ಒಳಗೆ ಬರಲೇ ಎಂದು ಬಾಗಿಲಲ್ಲಿ ನಿಂತು ಕೇಳಿದ ಹಾಗೆ. ಆಮೇಲೆ ಎದೆಯಿಂದ ಒಂದು ದೊಡ್ಡದು, ಯಾರೂ ಬಾ ಎನ್ನದಿದ್ದರೂ ಬಂದು ಕುರ್ಚಿ ಎಳೆದುಕೊಂಡ ಹಾಗೆ. ಆ ಎರಡನೆಯದರ ಹಿಂದೆ ಬರುವ ವಾಕ್ಯವನ್ನು ಕಣ್ಣುಮುಚ್ಚಿ ಬರೆದುಕೊಳ್ಳಬೇಕು, ಅದು ಪರೀಕ್ಷೆಗೆ ಬಂದೇ ಬರುತ್ತದೆ. ನಾನು ಕೋರ್ಸು ಸೇರಿದ ಎರಡನೆಯ ವಾರಕ್ಕೆ ಅದೇ ಕೆಮ್ಮನ್ನು ಕೆಮ್ಮಿ ಹತ್ತು ಜನರ ಕೈಯಲ್ಲಿ ಪೆನ್ನು ಹಿಡಿಸಿದ್ದೆ. ಸರ್ ಆಗ ಕೆಳಗೆ ಚಹಾ ಕುಡಿಯುತ್ತಿದ್ದರು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕುಂದಾಪುರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿ, ಆರು ಕಂಪ್ಯೂಟರು, ನಡುವೆ ಒಂದು ಪ್ಲೈವುಡ್ ಗೋಡೆ. ಈಚೆ ನಮ್ಮ ತರಗತಿ, ಆಚೆ ನಮಗಿಂತ ಹಳಬರದ್ದು. ಕೆಳಗೆ ಬನ್ನು ಬೆಂದರೆ ಮೇಲೆ ಎರಡೂ ತರಗತಿಗೆ ಒಟ್ಟಿಗೇ ಹಸಿವಾಗುತ್ತಿತ್ತು. ಸರ್ ಹದಿನೈದು ವರ್ಷ ಮುಂಬೈಯಲ್ಲಿದ್ದು ಊರಿಗೆ ಬಂದವರು. ಅವರ ಕನ್ನಡದ ನಡುವೆ ‘ಏನಂದ್ರೆ’ ಎನ್ನುವಲ್ಲೆಲ್ಲ ಬರುವ ‘ಕ್ಯಾ ಹೈ ನಾ’ ಎಂಬ ಹಿಂದಿ, ಗಂಜಿಯಲ್ಲಿ ಸಿಗುವ ಕಲ್ಲಿನಂತೆ ಆಗಾಗ ಕಟಂ ಎನ್ನುತ್ತಿತ್ತು.

ನಾನು ತೆಕ್ಕಟ್ಟೆಯಿಂದ ಬರುತ್ತಿದ್ದೆ. ಬಸ್ಸಿನ ಕಂಡಕ್ಟರು, ಬೇಕರಿಯವರು, ಸಂಘದ ಸಭೆಯಲ್ಲಿ ಮೈಕು ಹಿಡಿದು ಬಿಡದವರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತಿತ್ತು. ಅಪ್ಪ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು: “ಇವ ಎಲ್ಲರ್ ಹಾಂಗೂ ಮಾತಾಡ್ತ. ಎಲ್ಲರ್ ಹಾಂಗ್ ಕೆಲ್ಸ ಒಂದ್ ಮಾಡುದಿಲ್ಲೆ.” ಅಪ್ಪನ ದನಿಯಲ್ಲೇ ಆ ಮಾತನ್ನು ಗೆಳೆಯರಿಗೆ ಹೇಳಿ ನಗಿಸುತ್ತಿದ್ದೆ. ನಗಿಸಿದ ಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ಅಷ್ಟು ನಗು ಬರುತ್ತಿರಲಿಲ್ಲ.

ಒಬ್ಬನಿಗೆ ಪ್ರೋಗ್ರಾಮು ಎಷ್ಟು ಅರ್ಥವಾಗಿದೆ ಎಂದು ಅಳೆಯಲು ಸರ್ ಹತ್ತಿರ ಒಂದು ಗಟ್ಟಿ ಮಾನದಂಡವಿತ್ತು. ಅವರ ನೋಟ್ಸಿನಲ್ಲಿ ನಲವತ್ತು ಪ್ರೋಗ್ರಾಮು. ಶನಿವಾರ ಚೀಟಿ ಎತ್ತಿಸುವುದು. ಬಂದ ಹತ್ತನ್ನು ಒಂದು ಗಂಟೆಯಲ್ಲಿ ನೋಡದೆ ಬರೆಯಬೇಕು. ಒಂದು ಅಲ್ಪವಿರಾಮ ಬಿಟ್ಟರೂ ಆ ಪ್ರೋಗ್ರಾಮು ಹೋಯಿತು. “ಕ್ಯಾ ಹೈ ನಾ, ತಲಿಯಗಿದ್ರೆ ಕೈಯಗ್ ಬತ್ತ್. ಕೈಯಗ್ ಬಂದಿಲ್ಲ ಅಂದ್ರೆ ತಲಿಯಗ್ ಇಲ್ಲೆ.” ಈ ಲೆಕ್ಕದಲ್ಲಿ ನನ್ನ ತಲೆಯಷ್ಟು ತುಂಬಿದ ತಲೆ ಇಡೀ ತಾಲೂಕಿನಲ್ಲಿ ಇರಲಿಲ್ಲ. ಹತ್ತಕ್ಕೆ ಹತ್ತು. ಪ್ರತಿ ಶನಿವಾರ. ಸರ್ ಎಲ್ಲಿ ಒಂದು ಸಾಲು ಖಾಲಿ ಬಿಡುತ್ತಾರೋ ನಾನೂ ಅಲ್ಲೇ ಬಿಡುತ್ತಿದ್ದೆ. ಹನ್ನೆರಡನೆಯ ಪ್ರೋಗ್ರಾಮಿನಲ್ಲಿ ‘ಟಿ’ ಎಂಬ ಒಂದು ಅಕ್ಷರಕ್ಕೆ ಸೊನ್ನೆ ಹಾಕುವ ಸಾಲಿದೆ. ಅದನ್ನು ಸರ್ ಬರೆದದ್ದೂ ಸ್ವಲ್ಪ ವಾಲಿಸಿ, ನಾನು ಬರೆದದ್ದೂ ಸ್ವಲ್ಪ ವಾಲಿಸಿ.

ಬೈಂದೂರು ಕಡೆಯ ಅಕ್ಕ ನಮ್ಮ ಬ್ಯಾಚಿಗೆ ಬಂದದ್ದು ನಾನು ಸೇರಿ ಒಂದೆರಡು ತಿಂಗಳಾದ ಮೇಲೆ. ಮೂವತ್ತರ ಹತ್ತಿರದ ವಯಸ್ಸು, ನಮ್ಮೆಲ್ಲರಿಗಿಂತ ದೊಡ್ಡವಳು. ಗಂಡ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು. ಅತ್ತೆ ಬುಟ್ಟಿ ಹೊತ್ತು ಮೀನು ಮಾರುವವರು. ಮದುವೆಗೆ ಮೊದಲು ಪಿಯುಸಿ ಮಾಡಿದ್ದಳಂತೆ. ಮೊದಲ ದಿನವೇ ಬೆಂಚಿನ ಅಂಚಿನಲ್ಲಿ ಕೂತು ನನಗೆ ಎಲ್ಲವನ್ನೂ ಹೇಳಿಬಿಟ್ಟಳು, ನಾನು ಕೇಳಿದೆ ಎಂಬ ಕಾರಣಕ್ಕೆ.

“ಒಂದ್ ವರ್ಷ ನಾನೊಬ್ಳೇ ಬುಟ್ಟಿ ಹೊರ್ತೆ ಅಂದೀರ್ ಅತ್ತಿ. ಬಪ್ಪ ವರ್ಷ ಮಳಿಗಾಲ ಮುಗ್ದ್ ಬೋಟ್ ಇಳೂದ್ರೊಳ್ಗೆ ನಂಗ್ ಇದ್ರಗೊಂದ್ ಕೆಲ್ಸ ಆಯ್ಕ್. ಆಯ್ಲಿಲ್ಲ ಅಂದ್ರೆ ಎರಡ್ನೇ ಬುಟ್ಟಿ ನಂದೇ.”

“ಹಾಂಗಾರೆ ಬಂಗ್ಡಿ ಮೀನ್ ನಿಮ್ ದಾರಿ ಕಾಯ್ತಾ ಇತ್ತ್ ಅನ್ನಿ.”

“ಕಾಯ್ಲಿ. ಅದ್ಕ್ ಬೇರೆ ಕೆಲ್ಸ ಎಂತ ಇತ್ತ್.”

ನನ್ನ ಗೇಲಿಗೆ ಹೀಗೆ ಗೇಲಿಯಲ್ಲೇ ಉತ್ತರ ಕೊಟ್ಟ ಮೊದಲ ವ್ಯಕ್ತಿ ಅವಳು. ಅಲ್ಲಿಂದ ನಮಗಿಬ್ಬರಿಗೂ ಸರಿಹೋಯಿತು. ಆದರೆ ಶನಿವಾರದ ಚೀಟಿಗೂ ಅವಳಿಗೂ ಸರಿಹೋಗಲಿಲ್ಲ. ಹತ್ತರಲ್ಲಿ ಐದು, ಬಹಳ ಆದರೆ ಆರು. ಒಂದೇ ಪ್ರೋಗ್ರಾಮನ್ನು ಈ ವಾರ ಒಂದು ರೀತಿ ಬರೆದರೆ ಮುಂದಿನ ವಾರ ಇನ್ನೊಂದು ರೀತಿ ಬರೆಯುತ್ತಿದ್ದಳು. ಸರ್ ತಮ್ಮ ನೋಟ್ಸನ್ನು ಪಕ್ಕಕ್ಕಿಟ್ಟು ತಾಳೆ ನೋಡಿ ಕೆಂಪು ಗೆರೆ ಎಳೆಯುತ್ತಿದ್ದರು.

“ನನ್ನ್ ನೋಟ್ಸಗೆ ಹೀಂಗ್ ಇಲ್ಲೆ.”

“ಹೀಂಗೂ ಓಡತ್ತ್ ಸರ್.”

“ಓಡೂಕ್ ಸಾಕ್. ಕ್ಯಾ ಹೈ ನಾ, ಪರೀಕ್ಷೆಯಗೆ ಓಡುದ್ ಬೇರೆ.”

ಹೀಗೇ ವರ್ಷ ತಿರುಗಿ ಮತ್ತೆ ಮಳೆಗಾಲ ಬಂತು. ಮಳೆ ಬಿಡದೆ ಹೊಡೆಯುವ ಆಸಾಡಿ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಎಂಬುದು ನೆಂಟರ ಹಾಗೆ, ಬಂದರೆ ಬಂತು. ಒಂದು ಮಧ್ಯಾಹ್ನ ಆರೂ ಕಂಪ್ಯೂಟರು ಒಟ್ಟಿಗೇ ಕಣ್ಣು ಮುಚ್ಚಿದವು. ಎಲ್ಲರೂ ಕಿಟಕಿಯ ಹತ್ತಿರ ಹೋಗಿ ಮಳೆ ನೋಡುತ್ತಾ ನಿಂತರು. ಅಕ್ಕ ಮಾತ್ರ ಚೀಲದಿಂದ ಒಂದು ಸಣ್ಣ ಸ್ಟೀಲಿನ ಡಬ್ಬಿ ತೆಗೆದಳು. ಊಟದ ಡಬ್ಬಿ ಎಂದುಕೊಂಡು ನಾನು ಹತ್ತಿರ ಸರಿದೆ. ಒಳಗಿದ್ದದ್ದು ಮಂಜೊಟ್ಟಿ ಕಾಳು, ಕೆಂಪಗೆ, ನುಣ್ಣಗೆ, ಒಂದು ಹಿಡಿ. ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ ಒಂದು ಸಾಲು ವೃತ್ತ ಬರೆದು, ಒಂದೊಂದರಲ್ಲೂ ಕಾಳು ಇಟ್ಟು, ನೋಟ್ಸಿನ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಾ ಕಾಳನ್ನು ಅತ್ತಿತ್ತ ಮಾಡತೊಡಗಿದಳು.

“ಕರೆಂಟ್ ಇಲ್ದಿರೂ ಓಡು ಕಂಪ್ಯೂಟರ್ ಯಾವ್ ಕಂಪ್ನಿದ್ ಅಕ್ಕ?”

“ನಮ್ಮತ್ತಿದ್. ಚೆನ್ನೆಮಣಿ ಗೊತ್ತಿಲ್ಯಾ ನಿಂಗೆ? ಆ ಆಟ ಆಡ್ತಾ ಆಡ್ತಾ ಇದ್ ಕಂಡದ್ದ್.”

ಚೆನ್ನೆಮಣೆ ನನಗೆ ಗೊತ್ತಿತ್ತು. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ‘ಮನೆ’ ಎಂದೇ ಹೆಸರು. ಒಂದು ಮನೆಯ ಕಾಳು ಎತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವ ಆಟ. ಹೊರಗೆ ಕಾಲಿಡಲಾಗದ ಮಳೆಯಲ್ಲಿ ಹೆಂಗಸರು ಆಡುವುದನ್ನು ನೋಡಿದ್ದೆ. ಅವರು ಜಗಳಾಡುವ ದನಿಯನ್ನು ಕಲಿತಿದ್ದೆ, ಆಟ ಕಲಿತಿರಲಿಲ್ಲ. ನನ್ನ ವಿದ್ಯಾಭ್ಯಾಸವೆಲ್ಲ ಇದೇ ಕ್ರಮದಲ್ಲಿ ಆದದ್ದು.

“ಆದ್ರೆ ಒಂದ್ ವ್ಯತ್ಯಾಸ ಇತ್ತ್ ತಮ್ಮ,” ಎಂದಳು ಅಕ್ಕ. “ಚೆನ್ನಿ ಆಟದಗೆ ಒಂದ್ ಮನಿದ್ ಎತ್ತಿರೆ ಆ ಮನಿ ಖಾಲಿ. ಇಲ್ಲ್ ಎತ್ತಿರೂ ಖಾಲಿ ಆತಿಲ್ಲೆ. ಇದ್ದಲ್ಲೂ ಇರತ್ತ್, ಹೋದಲ್ಲೂ ಇರತ್ತ್. ಅದ್ಕೇ ಈ ಡಬ್ಬಿಯಗೆ ಹೆಚ್ಚಿಗಿ ಕಾಳ್ ಇಟ್ಕಂಡದ್ದ್. ಇಷ್ಟ್ ತಿಳೂಕೆ ನಂಗ್ ಮೂರ್ ತಿಂಗ್ಳ್ ಬೇಕಾಯ್ತ್.”

ನಾನು ಒಂದು ಕಾಳು ಎತ್ತಿ ಬೆರಳಲ್ಲಿ ಉರುಳಿಸಿದೆ. ಆ ಪ್ರೋಗ್ರಾಮನ್ನು ನಾನು ಐವತ್ತು ಸಲವಾದರೂ ತಪ್ಪಿಲ್ಲದೆ ಬರೆದಿದ್ದೆ. ಒಂದು ಬೆಲೆ ಇನ್ನೊಂದು ಮನೆಗೆ ಹೋದಾಗ ಮೊದಲಿನ ಮನೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳಿಗೆ ಮೂರು ತಿಂಗಳು ಬೇಕಾಯಿತಂತೆ. ನನಗೆ ಆ ಮೂರು ತಿಂಗಳು ಶುರುವೇ ಆಗಿರಲಿಲ್ಲ. ಕರೆಂಟು ಬಂತು, ನಾನು ಕಂಡಕ್ಟರನ ದನಿಯಲ್ಲಿ “ರೈಟ್, ರೈಟ್” ಎಂದೆ, ಎಲ್ಲರೂ ನಕ್ಕು ಕುಳಿತರು.

ಆಸಾಡಿ ಮುಗಿದ ವಾರ ಸರ್ ತರಗತಿಗೆ ಬಂದು ಎರಡೂ ಕಂತು ಕೆಮ್ಮಿ ಸುದ್ದಿ ಹೇಳಿದರು. ಬ್ರಹ್ಮಾವರದಲ್ಲಿ ಒಂದು ಶಾಖೆ ತೆರೆಯುವುದು. ಅಲ್ಲಿ ಕಲಿಸಲು ಒಬ್ಬರು ಬೇಕು, ನಮ್ಮ ಬ್ಯಾಚಿನವರೇ ಆಗಬಹುದು. ಬೇಕಾದವರು ಶನಿವಾರ ಹತ್ತು ಪ್ರೋಗ್ರಾಮು ಬರೆಯಲಿ. ಸಮುದ್ರ ಪೂಜೆ ಅದರ ಮುಂದಿನ ವಾರ ಇತ್ತು. ಪೂಜೆ ಆಯಿತೆಂದರೆ ಅಕ್ಕನ ಗಂಡನ ಬೋಟು ಕಡಲಿಗೆ ಇಳಿಯುತ್ತದೆ. ಬೋಟು ಇಳಿದರೆ ಅಕ್ಕನ ವರ್ಷ ಮುಗಿಯಿತು. ತರಗತಿಯಲ್ಲಿ ಈ ಲೆಕ್ಕ ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ನಾನು. ಕೈ ಎತ್ತಿದವರೂ ಇಬ್ಬರೇ.

ನನಗೂ ಆ ಕುರ್ಚಿ ಬೇಕಿತ್ತು. ಇದನ್ನು ಈಗ ಮುಚ್ಚಿಟ್ಟು ದೊಡ್ಡವನಾಗುವುದು ಬೇಡ. ಒಂದು ಕೋಣೆ ತುಂಬ ಜನ ನನ್ನನ್ನು ಸರ್ ಎನ್ನಬೇಕು, ಅಪ್ಪ ಅದನ್ನು ಬಾಗಿಲಲ್ಲಿ ನಿಂತು ಕೇಳಬೇಕು ಎಂಬುದು ನನ್ನ ಆಸೆ. ಪಾಠ ಮಾಡುವುದು ಹೇಗೆಂಬ ಚಿಂತೆ ಇರಲಿಲ್ಲ. ಸರ್ ಮಾಡಿದ ಹಾಗೆ ಮಾಡುವುದು, ಅಷ್ಟೆ. ಅವರ ಪಾಠ ಅವರಿಗಿಂತ ಚೆನ್ನಾಗಿ ನನಗೆ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಬರೆದೆವು. ನನ್ನದು ಹತ್ತಕ್ಕೆ ಹತ್ತು. ಅಕ್ಕನದು ಆರು. ಸರ್ ಕೆಂಪು ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ನೋಡಿ, ಮೊದಲ ಕಂತು ಕೆಮ್ಮಿದರು. ಎರಡನೆಯದು ಬರುವ ಮೊದಲು ಅಕ್ಕ ಎದ್ದು ನಿಂತಳು.

“ಸರ್, ಒಂದ್ ಕೇಂತೆ. ಹನ್ನೆರಡ್ನೇದ್ರಗೆ ನಾನ್ ಆ ಟಿ-ಗ್ ಸೊನ್ನಿ ಹಾಕು ಲೈನ್ ಬರಿಲಿಲ್ಲ ಅಂದ್ ನೀವ್ ಗೆರಿ ಎಳ್ದಿರಿ. ಆ ಟಿ ಮತ್ತೆಲ್ಲೂ ಬತ್ತೇ ಇಲ್ಲೆ. ಅದಿದ್ರೂ ಒಂದೇ, ಇಲ್ದಿರೂ ಒಂದೇ. ಅದೆಂತಕ್ ಅಲ್ಲ್ ಇಪ್ದ್?”

ಸರ್ ನೋಟ್ಸು ತೆರೆದರು. ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿದರು, ಕೆಳಗಿಂದ ಮೇಲಕ್ಕೂ ಓದಿದರು. ಮುಂಬೈಯಲ್ಲಿ ಯಾವತ್ತೋ ಏನನ್ನೋ ಪರೀಕ್ಷಿಸಲು ಹಾಕಿಕೊಂಡ ಸಾಲಂತೆ, ಅಳಿಸಲು ಮರೆತುಹೋಗಿತ್ತು. ಅದು ನೋಟ್ಸಿಗೆ ಬಂದು, ನೋಟ್ಸಿನಿಂದ ಬೋರ್ಡಿಗೆ ಬಂದು, ಬೋರ್ಡಿನಿಂದ ಏಳೆಂಟು ಬ್ಯಾಚಿನವರ ಪುಸ್ತಕಕ್ಕೆ ಹೋಗಿತ್ತು. ಅದಕ್ಕೆ ಅಂಕ ಕೊಟ್ಟದ್ದೂ ಆಗಿತ್ತು. ಸರ್ ನನ್ನ ಉತ್ತರದ ಹಾಳೆ ಎತ್ತಿಕೊಂಡರು. ಅಲ್ಲಿ ಟಿ ವಾಲಿಕೊಂಡು ನಿಂತಿತ್ತು, ಅವರ ಕೈಬರಹದ ಹಾಗೆಯೇ. ಅವರು ಅದನ್ನು ನೋಡುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಯಾರೋ ತಮ್ಮ ಬೆನ್ನ ಹಿಂದೆ ತಮ್ಮಂತೆಯೇ ಕೆಮ್ಮಿದ್ದು ಕೇಳಿದವರ ಮುಖ ಅದು.

“ಇಬ್ರೂ ಕೂಕಣಿ,” ಎಂದರು. ಬೋರ್ಡಿನಲ್ಲಿ ಒಂದು ಪ್ರೋಗ್ರಾಮು ಬರೆದರು. ಸಣ್ಣದು. ಐದು ಮನೆಗಳ ಒಂದು ಸಾಲು, ಅದರಲ್ಲಿ ಕ್ರಮವಾಗಿ ಮೂರು, ಒಂದು, ನಾಲ್ಕು, ಎರಡು, ಐದು. ಮೊದಲ ಮನೆಯಿಂದ ಶುರುಮಾಡಿ ಪ್ರತಿ ಮನೆಗೂ ಅದರ ಮುಂದಿನ ಮನೆಯಲ್ಲಿರುವುದನ್ನು ತಂದು ಹಾಕುತ್ತಾ ಹೋಗುವುದು. ಮನೆಗೆ ಒಂದರಂತೆ ಹೀಗೆ ಒಟ್ಟು ಐದು ಸಲ. “ಬರೂದ್ ಬ್ಯಾಡ. ಓಡಿದ್ ಮೇಲೆ ಕಡೇ ಮನಿಯಗೆ ಎಂತ ಇರತ್ತ್, ಅದೊಂದ್ ಹೇಳಿ.”

ಅಕ್ಕ ಡಬ್ಬಿ ತೆಗೆದಳು. ಬರೆಯುವಾಗ ಓಡಿಸಿ ನೋಡಲು ಬೇಕೆಂದು ಹಿಂದಿನ ದಿನ ಅತ್ತೆಯ ಹತ್ತಿರ ಚೆನ್ನೆಮಣೆಯನ್ನೇ ಕೇಳಿದ್ದಳಂತೆ. ಅವರ ಮನೆಯಲ್ಲಿ ಮಣೆ ಆಸಾಡಿಯ ಮೊದಲ ದಿನ ಅಟ್ಟದಿಂದ ಇಳಿದರೆ ಕಡೆಯ ದಿನ ಮೇಲೆ ಹೋಗಬೇಕು. ಬೇರೆ ಯಾವ ತಿಂಗಳಲ್ಲೂ ಅದನ್ನು ಮುಟ್ಟುವ ಹಾಗಿಲ್ಲ. ಕೆಲಸಕ್ಕಾಗಿ ಎಂದರೂ ಅತ್ತೆ ಒಪ್ಪಿರಲಿಲ್ಲ. ಬೆಂಚಿನ ಮೇಲೆ ವೃತ್ತ ಬರೆಯೋಣ ಎಂದರೆ ಅವು ಬ್ರಹ್ಮಾವರಕ್ಕೆಂದು ಬಂದ ಹೊಸ ಬೆಂಚು, ಸೀಮೆಸುಣ್ಣ ತಾಗಿಸಕೂಡದು ಎಂದರು ಸರ್. ಕಾಳು ಅಂಗೈಯಲ್ಲಿ ಹಿಡಿದು ಅಕ್ಕ ಆಚೀಚೆ ನೋಡಿದಳು.

ನಾನು ಎದ್ದು ಕೆಳಗೆ ಹೋದೆ. ಯಾಕೆ ಹೋದೆ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಒಳ್ಳೆಯತನ ಎನ್ನಲು ನಾಲಿಗೆ ಹೊರಳುವುದಿಲ್ಲ. ಎಲ್ಲರನ್ನೂ ನಗಿಸುವ ಒಂದು ಅವಕಾಶ ಕಂಡಿತು, ಕಾಲು ತಾನಾಗಿ ನಡೆಯಿತು. ಬೇಕರಿಯವರ ಹತ್ತಿರ ಒಂದು ಖಾಲಿ ಮೊಟ್ಟೆ ಟ್ರೇ ಕೇಳಿದೆ.

“ಮೊಟ್ಟಿ ಬ್ಯಾಡ್ದಾ?”

“ಬ್ಯಾಡ. ಗುಳಿ ಮಾತ್ರ ಸಾಕ್.”

ಮೇಲೆ ತಂದು ಹರಿವಾಣದಂತೆ ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದಿಟ್ಟೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಟ್ರೇಯ ಒಂದು ಸಾಲಿನಲ್ಲಿ ಆರು ಗುಳಿ. ಮೊದಲ ಐದರಲ್ಲಿ ಕಾಳು ಇಟ್ಟಳು. ಎರಡನೆಯ ಮನೆಯಲ್ಲಿ ಎಷ್ಟಿದೆ ನೋಡಿ, ಡಬ್ಬಿಯಿಂದ ಅಷ್ಟೇ ತೆಗೆದು, ಮೊದಲ ಮನೆಯ ಮೂರನ್ನು ಹೊರಹಾಕಿ ಅಲ್ಲಿ ಒಂದನ್ನು ಇಟ್ಟಳು. ಹಾಗೇ ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಐದು. ಕಡೆಯ ಮನೆಗೆ ಬಂದಾಗ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಸಾಲಿನ ಮೊದಲಿಗೆ ಹಿಂತಿರುಗಿತು.

“ಒಂದ್, ಸರ್.”

“ಒಂದಾ? ಮೊದಲ್ನೇ ಮನಿಯಗೆ ಮೂರ್ ಇದ್ದಿತಲೆ.”

“ಇದ್ದಿತ್. ಈಗಿಲ್ಲೆ. ಅಲ್ಲಿಗೆ ಆಗ್ಳೇ ಒಂದ್ ಬಂದ್ ಕೂಕಂಡಿತ್ತ್. ಸಾಲ್ ಮುಗ್ದ್ರೆ ಸುತ್ತ್ ಬಪ್ದ್ ಅಲ್ದಾ, ಹಾಂಗಾಯಿ ಈ ಒಂದೇ ಕಡೇ ಮನಿಗ್ ಬತ್ತ್.”

ಸರ್ ನನ್ನ ಕಡೆ ತಿರುಗಿದರು. ನನಗೆ ಉತ್ತರ ಗೊತ್ತಿತ್ತು. ಹಿಂದಿನ ವಾರ ಪ್ಲೈವುಡ್ಡಿನ ಆಚೆ ಹಳಬರಿಗೆ ಅವರು ಇದನ್ನೇ ಕಲಿಸುತ್ತಿದ್ದಾಗ ಈಚೆ ಒಬ್ಬನೇ ಕೂತು ಅವರ ದನಿಯನ್ನು ಅಭ್ಯಾಸ ಮಾಡುತ್ತಿದ್ದೆ. ಅಭ್ಯಾಸದ ಜೊತೆಗೆ ಉತ್ತರವೂ ಬಂದು ಬಿದ್ದಿತ್ತು. ಗಂಟಲು ಸರಿಮಾಡಿಕೊಂಡು, “ಗಾರ್ಬೇಜ್ ವ್ಯಾಲ್ಯೂ ಸರ್,” ಎಂದೆ. ಕಸದ ಬೆಲೆ ಎಂದು ಅರ್ಥ.

ಸರ್ ಅದನ್ನು ಕಂಪ್ಯೂಟರಿನಲ್ಲಿ ಓಡಿಸಿದರು. ಮೊದಲ ನಾಲ್ಕು ಮನೆಯಲ್ಲಿ ಅಕ್ಕ ಇಟ್ಟಷ್ಟೇ ಬಂತು. ಕಡೆಯ ಮನೆಯಲ್ಲಿ ಮೈನಸ್ ಇಪ್ಪತ್ತೆಂಟು ಸಾವಿರದ ಚಿಲ್ಲರೆ, ಯಾರೂ ಕರೆಯದ ಒಂದು ಸಂಖ್ಯೆ. ನಾನು ಹೇಳಿದ್ದು ಸರಿ, ಅಕ್ಕ ಹೇಳಿದ್ದು ತಪ್ಪು. ಅವಳು ಕಾಳುಗಳನ್ನು ಒಂದೊಂದೇ ಡಬ್ಬಿಗೆ ಹಾಕತೊಡಗಿದಳು. ಸ್ಟೀಲಿಗೆ ಕಾಳು ಬೀಳುವ ಸದ್ದು ಕೇಳುತ್ತಾ ನಾನು ಬುಟ್ಟಿಯನ್ನು ನೆನೆದೆ, ಎರಡನೆಯ ಬುಟ್ಟಿಯನ್ನು. ನನ್ನ ಪ್ಲೈವುಡ್ಡಿನ ವಿಷಯ ಹೇಳಲು ಅದೇ ಹೊತ್ತು. ಹೇಳಲಿಲ್ಲ.

“ಎಂತಕ್ ಗಾರ್ಬೇಜ್?” ಎಂದು ಸರ್ ನನ್ನನ್ನೇ ಕೇಳಿದರು.

“ಅಳತೆ ಮೀರಿದಲ್ಲಿ ಗಾರ್ಬೇಜ್ ವ್ಯಾಲ್ಯೂ ಬರುತ್ತದೆ ಸರ್.”

“ಅದ್ ನಾನ್ ಹೇಳಿದ್ ವಾಕ್ಯ. ನಿಂದ್ ಹೇಳ್.”

ನನ್ನದು. ಬಾಡಿಗೆಯವರನ್ನೆಲ್ಲ ಬಾಗಿಲು ತಟ್ಟಿ ಕೇಳಿದೆ. ಕಂಡಕ್ಟರನ ಹತ್ತಿರ ಇರಲಿಲ್ಲ, ಬೇಕರಿಯವರ ಹತ್ತಿರ ಇರಲಿಲ್ಲ, ಮೈಕಿನವರ ಹತ್ತಿರ ಮಾತು ಬೇಕಾದಷ್ಟಿತ್ತು, ಇದಕ್ಕೆ ಆಗುವಂಥದ್ದು ಇರಲಿಲ್ಲ. ನನಗೆ ತಿಳಿದ ಮಟ್ಟಿಗೆ ನಾನು ಸುಮ್ಮನಿದ್ದ ಮೊದಲ ಸಂದರ್ಭ ಅದು. ಸರ್ ಕಾದರು. ಆಮೇಲೆ ಅಕ್ಕನ ಮೇಜಿಗೆ ಹೋಗಿ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಸುತ್ತ್ ಬಪ್ದ್ ಚೆನ್ನಿ ಆಟದಗೆ. ಇಲ್ಲಿ ಸಾಲ್ ಮುಗ್ದ್ರೆ ಮುಗೀತ್. ಆರನೇ ಗುಳಿಯಗೆ ಎಂತ ಇತ್ತ್ ಕಾಣಿ.”

ಅಕ್ಕ ಬಗ್ಗಿ ನೋಡಿದಳು. ನಾನೂ ನೋಡಿದೆ. ಆರನೆಯ ಗುಳಿಯ ತಳದಲ್ಲಿ ಒಣಗಿ ಅಂಟಿಕೊಂಡ ಒಂದು ಚೂರು ಮೊಟ್ಟೆಯ ಚಿಪ್ಪಿತ್ತು.

“ಚಿಪ್ಪ್,” ಎಂದಳು. ಉಗುರಿನಿಂದ ಅದನ್ನು ಕೆದಕಿ, “ನಾವ್ ಇಟ್ಟದ್ದಲ್ಲ. ಮೊದ್ಲಿದ್ದವ್ರ್ ಬಿಟ್ಟದ್ದ್. ಆ ಮನಿ ನಮ್ದೇ ಅಲ್ಲ.” ಡಬ್ಬಿಯ ಮುಚ್ಚಳ ಒತ್ತಿ, “ಚೆನ್ನೆಮಣಿ ತಂದಿದ್ರೆ ಇದ್ ನಂಗ್ ಕಾಂತಿದ್ದಿಲ್ಲೆ.”

ಸರ್ ಬೋರ್ಡಿಗೆ ಹೋಗಿ ‘ಐದು ಸಲ’ ಎಂಬಲ್ಲಿ ಐದನ್ನು ಅಳಿಸಿ ನಾಲ್ಕು ಮಾಡಿದರು. “ಈಗ ಕಡೇ ಮನಿಯಗೆ?” ಈ ಸಲ ಮೊದಲು ನನ್ನನ್ನು ಕೇಳಿದರು. ಬೋರ್ಡಿನಲ್ಲಿ ಬೇರೆಲ್ಲವೂ ಹಾಗೇ ಇತ್ತು. ಅದೇ ಪ್ರೋಗ್ರಾಮು, ಅದೇ ಪ್ರಶ್ನೆ. ನನ್ನ ಕಿವಿಗೆ ಅಂಟಿದ್ದದ್ದೂ ಅದೇ ಒಂದು ಉತ್ತರ. “ಗಾರ್ಬೇಜ್ ವ್ಯಾಲ್ಯೂ ಸರ್,” ಎಂದೆ.

ಅಕ್ಕ ಈ ಸಲ ಡಬ್ಬಿ ತೆರೆಯಲಿಲ್ಲ. ಕಣ್ಣಿನಲ್ಲೇ ಎಣಿಸಿದಳು. “ಐದ್. ನಾಲ್ಕ್ನೇದ್ರಗೂ ಐದ್, ಕಡೇದ್ರಗೂ ಐದ್. ಕಡೇದನ್ನ ಯಾರೂ ಮುಟ್ಟೇ ಇಲ್ಲೆ.”

ಕಂಪ್ಯೂಟರಿಗೂ ಅದೇ ಉತ್ತರ ಬಂತು.

ಸರ್ ಬೋರ್ಡು ಒರೆಸಿ ಕೈಯ ಸೀಮೆಸುಣ್ಣ ಕೊಡವಿದರು. ಬಂದು ಕೂತ ಮೇಲೆ ಹೇಳಿದ್ದನ್ನು ಅವರ ದನಿಯಲ್ಲೇ ಹೇಳಬಲ್ಲೆ, ಆದರೆ ಅದೊಂದನ್ನು ನಾನು ಯಾವತ್ತೂ ಅನುಕರಿಸಿಲ್ಲ. “ಇವ್ರ್ ತಪ್ಪ್ ಹೇಳಿರ್. ಆದ್ರೆ ಆ ತಪ್ಪ್ ಎಲ್ಲಿಂದ ಬಂತ್ ಅಂದ್ ಬೆರಳಿಟ್ಟ್ ತೋರ್ಸುಕಾತ್. ತೋರ್ಸಿರ್ ಮೇಲೆ ತಿದ್ದುಕಾತ್. ನೀನ್ ಸರಿ ಹೇಳ್ದೆ. ಅದೆಲ್ಲಿಂದ ಬಂತ್ ಅಂದ್ ನಿಂಗೂ ಗೊತ್ತಿಲ್ಲೆ. ನಿನ್ನ್ ತಪ್ಪಲ್ಲ ಮಾಣಿ. ಕ್ಯಾ ಹೈ ನಾ, ಇಷ್ಟ್ ವರ್ಷ ನಾನ್ ಅಳ್ದದ್ದ್ ನನ್ನನ್ನೇ. ಎಷ್ಟ್ ಜನರ್ ತಲಿಯಗೆ ನಾನ್ ಕೂಕಂಡಿದ್ದೆ ಅಂದ್ ಎಣ್ಸ್ತಾ ಇದ್ದಿದ್ದೆ.”

ಬ್ರಹ್ಮಾವರದ ಕುರ್ಚಿ ಅಕ್ಕನಿಗೆ ಹೋಯಿತು. ಸಮುದ್ರ ಪೂಜೆಗೆ ಇನ್ನೂ ನಾಲ್ಕು ದಿನ ಇತ್ತು. ನನಗೆ ಸರ್ ಒಂದು ಶಿಕ್ಷೆ ಕೊಟ್ಟರು, ಅಥವಾ ಉಪಕಾರ ಮಾಡಿದರು: ಮೂರು ತಿಂಗಳು ಬ್ರಹ್ಮಾವರಕ್ಕೆ ಹೋಗಿ ಅಕ್ಕನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ನೋಟ್ಸು ತೆಗೆದುಕೊಂಡು ಹೋಗಬಾರದು. ಕೆಮ್ಮಬಾರದು. ತೆಕ್ಕಟ್ಟೆಯಲ್ಲಿ ಉತ್ತರಕ್ಕೆ ಹೋಗುವ ಬಸ್ಸಿನ ಬದಲು ದಕ್ಷಿಣಕ್ಕೆ ಹೋಗುವ ಬಸ್ಸು ಹಿಡಿಯತೊಡಗಿದ್ದನ್ನು ಕಂಡು ಅಪ್ಪ ಕೇಳಿದರು. ಕೆಲಸ ಅಕ್ಕನಿಗೆ ಸಿಕ್ಕಿತು, ನಾನು ಕಲಿಯಲು ಹೋಗುತ್ತಿದ್ದೇನೆ ಎಂದೆ. “ಯಾರ್ ದನಿಯಗೆ ಹೇಳ್ತಾ ಇದ್ದೆ ಇದನ್ನ?” ಎಂದರು ಅಪ್ಪ. ನಾನು ಯೋಚಿಸಿದೆ. ಯಾರದ್ದೂ ಆಗಿರಲಿಲ್ಲ.

ಈಗ ನಾನು ಕುಂದಾಪುರದಲ್ಲೇ ಇದ್ದೇನೆ. ನಾವು ಮೂರು ಜನ ಸೇರಿ ಇಲ್ಲಿಯ ಅಂಗಡಿಗಳಿಗೆ, ಸಂಘಗಳಿಗೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದು ಕೊಡುತ್ತೇವೆ. ಕೆಲಸ ಕೇಳಿಕೊಂಡು ಸಿದ್ದಾಪುರದಿಂದ, ಕೊಕ್ಕರ್ಣೆಯಿಂದ ಹುಡುಗ ಹುಡುಗಿಯರು ಬರುತ್ತಾರೆ. ಅವರಿಗೆ ಪ್ರೋಗ್ರಾಮು ಎಷ್ಟು ತಿಳಿಯುತ್ತದೆ ಎಂದು ಅಳೆಯುವ ಕೆಲಸವನ್ನು ಉಳಿದಿಬ್ಬರು ನನ್ನ ತಲೆಗೇ ಕಟ್ಟಿದ್ದಾರೆ. ಒಂದು ಕೆಲಸ ನನಗೆ ಸುಲಭ. ಉತ್ತರ ಕೊಡುವಾಗ ಒಬ್ಬನ ದನಿ ಚೂರು ಬದಲಾದರೆ, ಅವನ ಗಂಟಲಲ್ಲಿ ಬೇರೆ ಯಾರೋ ಬಂದು ಕೂತರೆ, ನನಗೆ ಕೂಡಲೇ ಕೇಳಿಸುತ್ತದೆ. ಹಳೆಯ ಬಾಡಿಗೆದಾರರ ಪರಿಚಯ ಇರುವವನಲ್ಲವೇ. ಆಗ ನಾನು ಪ್ರಶ್ನೆಯಲ್ಲಿ ಒಂದೇ ಒಂದು ಅಂಕೆ ಬದಲಾಯಿಸಿ ಮತ್ತೆ ಕೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವ ಮೊದಲು ಏನು ಬರುತ್ತದೆ ಹೇಳು ಎನ್ನುತ್ತೇನೆ. ತಪ್ಪು ಹೇಳಿದರೆ ಆ ತಪ್ಪು ಎಲ್ಲಿಂದ ಬಂತೆಂದು ಕೇಳುತ್ತಾ ಕೂರುತ್ತೇನೆ. ಸರಿ ಹೇಳಿದವರಿಗೂ ಇದೇ ಪ್ರಶ್ನೆ. ಅವರಿಗೆ ಇದು ವಿಚಿತ್ರ ಅನಿಸುವುದುಂಟು, ಸರಿ ಹೇಳಿದ ಮೇಲೂ ಏನು ಕಿರಿಕಿರಿ ಎಂದು. ಇದೂ ಪೂರ್ತಿ ಅಳತೆಯಲ್ಲ ಎಂದು ನನಗೆ ಗೊತ್ತು. ಕೇಳಿದ ತಕ್ಷಣ ಬಾಯಿ ಕಟ್ಟುವವರು, ಮರುದಿನ ಬಂದು ಸರಿಯಾಗಿ ಹೇಳುವವರು ಇದ್ದಾರೆ. ಒಬ್ಬರ ತಲೆಯೊಳಗೆ ಏನಿದೆ ಎಂಬುದನ್ನು ಹೊರಗೆ ನಿಂತು ಎಷ್ಟು ನೋಡಲು ಸಾಧ್ಯವೋ ಅಷ್ಟೇ.

ಓಡಿಸುವ ಮೊದಲು ಹೇಳು ಎಂಬುದನ್ನು ನನಗೆ ಕಲಿಸಿದವರು ಅಕ್ಕನ ಅತ್ತೆ. ಪರೀಕ್ಷೆಯಾದ ಮರುವರ್ಷದ ಆಸಾಡಿಯಲ್ಲಿ ಅಕ್ಕ ಒಂದು ಭಾನುವಾರ ಬೈಂದೂರಿನ ಆಚೆಗಿರುವ ಅವರ ಮನೆಗೆ ಊಟಕ್ಕೆ ಕರೆದಿದ್ದಳು. ಸಮುದ್ರದ ಸದ್ದು ಒಳಗಿನವರೆಗೂ ಬರುತ್ತಿತ್ತು. ಊಟವಾದ ಮೇಲೆ ಅತ್ತೆ ಚೆನ್ನೆಮಣೆ ಹಾಕಿಕೊಂಡು ಕೂತರು, ಎದುರಿಗೆ ನನ್ನನ್ನು ಕೂರಿಸಿದರು. ಅಕ್ಕ ಬದಿಯಲ್ಲಿ ಗೋಡೆಗೆ ಒರಗಿ ಕೂತಳು. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲಿ ಹೇಳಿದೆ.

“ಅಕ್ಕ, ಆವತ್ತಿನ ಆ ಉತ್ತರ ನಂದಲ್ಲ. ಪ್ಲೈವುಡ್ಡಿನ್ ಆಚಿಗ್ ಸರ್ ಹೇಳುದನ್ನ ಕೇಂಡಿದ್ದೆ.”

“ಗೊತ್ತಿತ್ ಮಾರಾಯ.”

“ಹ್ಯಾಂಗೆ?”

“ಗಾರ್ಬೇಜ್ ಅಂಬುಕ್ ಮುಂಚೆ ಕೆಮ್ದೆಲೆ. ಎರಡ್ ಕಂತ್.”

“ಮತ್ತೆ ಸರ್‌ಗೆ ಎಂತಕ್ ಹೇಳ್ಲಿಲ್ಲ? ಕೆಲ್ಸ ಹೋತಿದ್ದಿತಲೆ.”

“ಹೇಳುವ ಅಂದ್ ಬಾಯಿ ತನ್ಕ ಬಂದಿತ್. ನೀನೇ ಹೇಳ್ತೆ ಏನೋ ಅಂದ್ ಒಂದ್ ಗಳ್ಗಿ ಕಾದೆ.” ಅವಳು ನನ್ನ ಮುಖ ನೋಡದೆ ಹೇಳಿದಳು. “ಒಂದ್ ವರ್ಷ ತಡ ಆಯ್ತ್, ಅಷ್ಟೇ.”

ಕೈಗೆ ಕೆಲಸ ಇರಲಿ ಎಂದು ನನ್ನ ಸಾಲಿನಲ್ಲಿ ದೊಡ್ಡ ರಾಶಿ ಇದ್ದ ಮನೆಯಿಂದ ಕಾಳು ಬಾಚಿದೆ. ಬಿತ್ತಲು ಹೊರಟಾಗ ಅತ್ತೆ ಮಣೆಯ ಮೇಲೆ ತಮ್ಮ ಅಂಗೈ ಅಡ್ಡ ಇಟ್ಟರು. ಬುಟ್ಟಿ ಹಿಡಿದು ಗಟ್ಟಿಯಾದ, ಅಗಲವಾದ ಅಂಗೈ.

“ಕಡೇ ಕಾಳ್ ಯಾವ್ ಮನಿಗ್ ಬೀಳತ್ತ್? ಬಿತ್ತುಕ್ ಮುಂಚೆ ಹೇಳ್.”

ಅವರು ಎದುರಿಗೆ ಕೂತ ಎಲ್ಲರನ್ನೂ ಹೀಗೆ ಕೇಳುವವರಂತೆ, ಸೊಸೆಯನ್ನೂ ಬಿಟ್ಟವರಲ್ಲ. ನಾನು ಮುಷ್ಟಿಯಲ್ಲಿದ್ದ ಕಾಳನ್ನು ಬೆರಳಿನಲ್ಲೇ ಎಣಿಸಿದೆ, ಹನ್ನೊಂದು. ಮನಸ್ಸಿನಲ್ಲಿ ನನ್ನ ಸಾಲು ಮುಗಿಸಿ, ತಿರುಗಿ, ಅವರ ಸಾಲಿಗೆ ಹೋಗಿ, ಒಂದೊಂದೇ ಮನೆ ದಾಟಿದೆ. ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ಅವರ ಸಾಲಿನ ಒಂದು ಮನೆಗೆ ಬೆರಳು ತೋರಿಸಿದೆ. ಅತ್ತೆ ಕೈ ತೆಗೆದರು. ನಾನು ಬಿತ್ತುತ್ತಾ ಹೋದೆ. ಕಡೆಯ ಕಾಳು ನಾನು ತೋರಿಸಿದ ಮನೆಯನ್ನು ದಾಟಿ ಅದರ ಪಕ್ಕದ ಮನೆಗೆ ಬಿತ್ತು.

ಅತ್ತೆ ಆ ಕಾಳನ್ನೂ ನನ್ನ ಮುಖವನ್ನೂ ನೋಡಿದರು.

“ಒಂದ್ ಮನಿ ತಪ್ತ್,” ಎಂದರು. “ಅಡ್ಡಿಲ್ಲೆ. ಎಣ್ಸಿದ್ದ್ ಹೌದ್ ಅಂದ್ ಗೊತ್ತಾಯ್ತ್.”